ಬ್ಯಾಟರಿಗೂ ಸೆಕೆಯಾಗುತ್ತದೆ

2012ರ ಬೇಸಿಗೆಯಲ್ಲಿ ಅಮೆರಿಕದ ಫೀನಿಕ್ಸ್ ಊರಿನ ಕೆಲವು ಕಾರು ಮಾಲೀಕರಿಗೆ ಚಿಂತೆ ಶುರುವಾಯಿತು. ಅವರ ಹತ್ತಿರ ಇದ್ದದ್ದು ನಿಸಾನ್ ಲೀಫ್ ಎಂಬ ಎಲೆಕ್ಟ್ರಿಕ್ ಕಾರು. ಆ ಕಾರಿನ ಮೀಟರಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸಲು 12 ಗೆರೆಗಳಿರುತ್ತವೆ. ಅದರಲ್ಲಿ ಒಂದು ಗೆರೆ ಮಾಯವಾಗಿತ್ತು. ಆಮೇಲೆ ಇನ್ನೊಂದು. ಕೆಲವರದ್ದು ಮೂರು ಗೆರೆ ಹೋಯಿತು. ಕಾರು ಕೊಂಡು ಎರಡು ವರ್ಷ ಕೂಡ ತುಂಬಿರಲಿಲ್ಲ. ಅದೇ ಕಾರು ತಂಪು ಊರಾದ ಸಿಯಾಟಲ್ ಕಡೆ ಆರಾಮಾಗಿ ಓಡಿಕೊಂಡಿತ್ತು.

ಫೀನಿಕ್ಸ್ ಇರುವುದು ಅರಿಝೋನಾದ ಮರುಭೂಮಿಯಲ್ಲಿ. ಬೇಸಿಗೆಯಲ್ಲಿ 43, 44 ಡಿಗ್ರಿ ಅಲ್ಲಿ ಮಾಮೂಲಿ. ಲೀಫ್‌ನ ಬ್ಯಾಟರಿಯನ್ನು ತಣ್ಣಗಿಡಲು ನೀರಿನ ಕೊಳವೆಯೂ ಇರಲಿಲ್ಲ, ಫ್ಯಾನೂ ಇರಲಿಲ್ಲ. ಪೆಟ್ಟಿಗೆಯ ಮೈಯಿಂದ ಎಷ್ಟು ಬಿಸಿ ತಾನಾಗಿಯೇ ಹೊರಗೆ ಹೋಗುತ್ತೋ ಅಷ್ಟೇ. ಇದರಿಂದ ಕಾರಿನ ಬೆಲೆ ಇಳಿಯಿತು, ತೂಕ ಇಳಿಯಿತು, ಕೆಡುವ ಭಾಗಗಳು ಕಡಿಮೆಯಾದವು. ತಂಪು ಊರುಗಳಿಗೆ ಈ ಲೆಕ್ಕ ಸರಿಯಾಗಿಯೇ ಇತ್ತು. ಫೀನಿಕ್ಸ್‌ನಲ್ಲಿ ತಪ್ಪಿತು. ಕೊನೆಗೆ ನಿಸಾನ್ ಬ್ಯಾಟರಿ ಕುಗ್ಗುವುದಕ್ಕೂ ವಾರಂಟಿ ಕೊಟ್ಟಿತು. 5 ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು 9ಕ್ಕಿಂತ ಕೆಳಗಿಳಿದರೆ ಸರಿಮಾಡಿಕೊಡುತ್ತೇವೆ ಎಂದಿತು. 2015ರ ಮಾಡೆಲ್‌ಗೆ ಬಿಸಿಯನ್ನು ಇನ್ನೂ ಚೆನ್ನಾಗಿ ತಡೆಯುವ ಸೆಲ್ ತಂದಿತು.

ನಾನು ಬೆಂಗಳೂರಿನಲ್ಲಿ ಬ್ಯಾಟರಿ ಪ್ಯಾಕ್ ಮಾಡುವ ತಂಡದಲ್ಲಿದ್ದೇನೆ. ನನ್ನ ಪಾಲಿಗೆ ಬಂದಿರುವುದು ಬಿಸಿಯ ಲೆಕ್ಕ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೀನಿಕ್ಸ್ ಕತೆ ಓದಿದ್ದು. ಆವತ್ತಿನಿಂದ ಅದು ತಲೆಯಿಂದ ಇಳಿದೇ ಇಲ್ಲ. ಯಾಕೆಂದರೆ ನಮ್ಮ ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲೂ ಏಪ್ರಿಲ್, ಮೇ ತಿಂಗಳು ಹೆಚ್ಚುಕಡಿಮೆ ಅದೇ ಬಿಸಿಲು. ಅಲ್ಲಿಯ ಜನ ಕೊಳ್ಳುವುದೂ ಇದೇ ಗಾಡಿಗಳನ್ನು.

ಎಲೆಕ್ಟ್ರಿಕ್ ಗಾಡಿಯ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಅಂತ. ಕೇಳಬೇಕಾದ್ದೇ. ಹೊಸ ಗಾಡಿಯಲ್ಲಿ ಆ ನಂಬರ್ ಕೊಡುವುದು ಈಗ ಅಷ್ಟೇನೂ ಕಷ್ಟವಲ್ಲ. ಐದಾರು ಬೇಸಿಗೆ ಕಳೆದ ಮೇಲೂ ಅದೇ ನಂಬರಿನ ಹತ್ತಿರ ನಿಲ್ಲಿಸುವುದಿದೆಯಲ್ಲ, ಕಷ್ಟ ಇರುವುದು ಅಲ್ಲಿ. ಆಯಸ್ಸು, ಸುರಕ್ಷತೆ, ಚಾರ್ಜಿಂಗ್ ವೇಗ, ಬೆಲೆ ಎಲ್ಲವನ್ನೂ ಕೆದಕುತ್ತಾ ಹೋದರೆ ಕೊನೆಗೆ ಕೈಗೆ ಸಿಗುವುದು ಬಿಸಿಯೇ.

ಪೆಟ್ರೋಲ್ ಇಂಜಿನ್ನಿಗೆ ಈ ಕಷ್ಟ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಇನ್ನೂ ಜಾಸ್ತಿ ಇತ್ತು. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಕ್ತಿ ಇದೆ. ಒಂದು ಕೆಜಿ ಒಳ್ಳೆಯ ಲಿಥಿಯಂ ಸೆಲ್ಲಿನಲ್ಲಿ ಕಾಲು ಯೂನಿಟ್. ಪೆಟ್ರೋಲ್ ಇಂಜಿನ್ ಆ ಶಕ್ತಿಯಲ್ಲಿ ಮೂರನೇ ಎರಡು ಪಾಲನ್ನು ಸುಮ್ನೆ ಬಿಸಿಯಾಗಿ ರೇಡಿಯೇಟರ್, ಸೈಲೆನ್ಸರ್ ಮೂಲಕ ಹೊರಗೆ ಚೆಲ್ಲುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಹುಟ್ಟುವ ಬಿಸಿ ಅದರ ಮುಂದೆ ಏನೂ ಅಲ್ಲ. ಆದರೆ ಇಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲಂಟ್, 90 ಡಿಗ್ರಿಯಲ್ಲಿ ಓಡಾಡುತ್ತದೆ. ಹೊರಗಿನ ಗಾಳಿ 42 ಡಿಗ್ರಿ ಇದ್ದರೂ ನಡುವೆ 48 ಡಿಗ್ರಿ ಅಂತರ ಇದೆ. ಬಿಸಿ ತಾನೇ ಓಡಿಹೋಗುತ್ತದೆ. ಬ್ಯಾಟರಿಯನ್ನು 45ರ ಒಳಗೇ ಇಡಬೇಕು. ಹೊರಗೆ 42 ಇದ್ದಾಗ ಉಳಿಯುವ ಅಂತರ ಬರೀ 3 ಡಿಗ್ರಿ. ಆ 3 ಡಿಗ್ರಿಯಲ್ಲಿ ಬಿಸಿ ಹೊರಗೆ ಹೋಗಲು ಒಪ್ಪುವುದೇ ಇಲ್ಲ. ನಮ್ಮ ವೃತ್ತಿಯ ಕಷ್ಟದ ಮುಕ್ಕಾಲು ಪಾಲು ಈ ಒಂದು ಕಳೆಯುವ ಲೆಕ್ಕದಲ್ಲಿದೆ.

ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಕೂಟರ್ ಬ್ಯಾಟರಿಯ ಮುಚ್ಚಳ ತೆಗೆದರೆ ಒಳಗೆ ಉರುಟು ಸೆಲ್‌ಗಳು ಒತ್ತೊತ್ತಾಗಿ ನಿಂತಿರುತ್ತವೆ. ಹೆಚ್ಚಾಗಿ ಬಳಸುವ ಒಂದು ಅಳತೆ 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಅದಕ್ಕೇ ಅದರ ಹೆಸರು 21700. ತೂಕ ಸುಮಾರು 70 ಗ್ರಾಂ. ಇಂಥ 200 ಸೆಲ್ ಸೇರಿದರೆ ಮೂರೂವರೆ ಯೂನಿಟ್ ಆಗುತ್ತದೆ. ಒಂದೊಂದು ಸೆಲ್ಲಿನ ಒಳಗೂ ಕರೆಂಟ್ ಹರಿಯಲು ಒಂದಿಷ್ಟು ತಡೆ ಇರುತ್ತದೆ, ಸುಮಾರು 20 ಮಿಲಿಓಮ್ ಅಂತಿಟ್ಟುಕೊಳ್ಳಿ. 5 ಆಂಪಿಯರ್ ಹರಿದರೆ ಅರ್ಧ ವ್ಯಾಟ್ ಬಿಸಿ. ಇಬ್ಬರು ಕೂತು ಫ್ಲೈಓವರ್ ಹತ್ತುವಾಗ ಕರೆಂಟ್ 10 ಆಂಪಿಯರ್ ಆದರೆ ಬಿಸಿ ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟು ಆಗುತ್ತದೆ. ಒಂದಕ್ಕೆ 2 ವ್ಯಾಟ್, 200ಕ್ಕೆ 400 ವ್ಯಾಟ್. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ!

ಅಂಚಿನಲ್ಲಿರುವ ಸೆಲ್‌ಗಳು ಪೆಟ್ಟಿಗೆಯ ಗೋಡೆಗೆ ಬಿಸಿ ದಾಟಿಸಿ ಬಚಾವಾಗುತ್ತವೆ. ನಡುವಿನವು ಬೇಯುತ್ತವೆ. ಬಿಸಿಯಲ್ಲಿ ಜಾಸ್ತಿ ಹೊತ್ತು ಇದ್ದ ಸೆಲ್ ಬೇಗ ಮುದಿಯಾಗುತ್ತದೆ. ಮುದಿಯಾದರೆ ಅದರ ಒಳಗಿನ ತಡೆ ಏರುತ್ತದೆ. ತಡೆ ಏರಿದರೆ ಮತ್ತೂ ಬಿಸಿ. ಸೆಲ್‌ಗಳ ಗುಂಪುಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಅತಿ ಬಡವಾದ ಗುಂಪು ಖಾಲಿಯಾದ ಕ್ಷಣ ಇಡೀ ಪ್ಯಾಕ್ ನಿಲ್ಲಬೇಕು. ಉಳಿದವುಗಳಲ್ಲಿ ಎಷ್ಟು ಚಾರ್ಜ್ ಇದ್ದರೂ ಪ್ರಯೋಜನವಿಲ್ಲ. ಹಾಗಾಗಿ ಪ್ಯಾಕ್ ಡಿಸೈನ್ ಮಾಡುವಾಗ ಸರಾಸರಿ ಉಷ್ಣಾಂಶ ನಮಗೆ ಅಷ್ಟು ಮುಖ್ಯವಾಗುವುದಿಲ್ಲ. ಅತಿ ಬಿಸಿ ಸೆಲ್ಲಿಗೂ ಅತಿ ತಂಪು ಸೆಲ್ಲಿಗೂ ನಡುವಿನ ಅಂತರವನ್ನು 5 ಡಿಗ್ರಿಯೊಳಗೆ ಹಿಡಿಯಲು ಒದ್ದಾಡುತ್ತೇವೆ.

ಒಂದು ಮೇ ತಿಂಗಳಲ್ಲಿ ಬೇಸಿಗೆ ಪರೀಕ್ಷೆಗೆ ರಾಯಚೂರಿಗೆ ಹೋಗಿದ್ದೆವು. ಊಟ ಮುಗಿಸಿ ಹೊರಗೆ ಬಂದಾಗ ಮನೆಮನೆಗೆ ಪಾರ್ಸೆಲ್ ಕೊಡುವ ಹುಡುಗನೊಬ್ಬ ನಮ್ಮ ಲ್ಯಾಪ್‌ಟಾಪು, ವೈರುಗಳನ್ನೆಲ್ಲ ನೋಡಿ ಹತ್ತಿರ ಬಂದ. ಅವನದ್ದು ಬೇರೆ ಕಂಪನಿಯ ಎಲೆಕ್ಟ್ರಿಕ್ ಸ್ಕೂಟರ್. "ಮೇಡಂ, ಮುಂಜಾನಿ ಚಾರ್ಜ್ ಹಾಕಿದ್ರ ಆಗ್ತದ. ಮಧ್ಯಾಹ್ನ ಉಂಡು ಹಾಕಿದ್ರ ಕೆಂಪ್ ಲೈಟ್ ಬರ್ತದ. ಗಾಡಿ ಕೆಟ್ಟದೇನ್ರಿ?" ಎಂದ.

ಗಾಡಿ ಕೆಟ್ಟಿರಲಿಲ್ಲ. ಬೆಳಿಗ್ಗೆಯಿಂದ ಸುತ್ತಿ, ಮಧ್ಯಾಹ್ನ ಅಂಗಡಿಯ ತಗಡಿನ ಶೆಡ್ಡಿನ ಕೆಳಗೆ ನಿಲ್ಲಿಸಿದ್ದ. ಓಡಿದ ಬಿಸಿಯ ಜೊತೆಗೆ ಮೇಲಿನಿಂದ ತಗಡಿನ ಝಳ, ಕೆಳಗಿನಿಂದ ನೆಲದ ಝಳ. ಸಾಮಾನ್ಯವಾಗಿ ಲಿಥಿಯಂ ಸೆಲ್ ತಯಾರಿಸುವವರು ಕೊಡುವ ಕಾಗದದಲ್ಲಿ ಚಾರ್ಜ್ ಮಾಡಲು 0ಯಿಂದ 45 ಡಿಗ್ರಿ, ಓಡಿಸಲು 60 ಡಿಗ್ರಿವರೆಗೆ ಎಂದಿರುತ್ತದೆ. ಓಡಿಸಲು ಇರುವಷ್ಟು ಸಡಿಲ ಚಾರ್ಜಿಂಗಿಗೆ ಇಲ್ಲ. ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ 45 ದಾಟಿದ ಸೆಲ್ ನೋಡಿ ಚಾರ್ಜ್ ಬೇಡ ಎಂದಿತ್ತು. ತನ್ನ ಕೆಲಸವನ್ನು ಸರಿಯಾಗಿ ಮಾಡಿತ್ತು. ಆದರೆ ಆ ಹುಡುಗನಿಗೆ ಅದರಿಂದ ಏನು ಸಿಕ್ಕಿತು? ಅರ್ಧ ದಿನದ ಸಂಪಾದನೆ ಹೋಯಿತು. ಸ್ನಾನದ ಹಂಡೆಯ ನೀರು ಒಲೆ ಆರಿದ ಮೇಲೂ ಗಂಟೆಗಟ್ಟಲೆ ಬಿಸಿಯಾಗಿರುವ ಹಾಗೆ ಹದಿನಾಲ್ಕು ಕೆಜಿ ಸೆಲ್ ಕೂಡ ಬಿಸಿಯನ್ನು ಹಿಡಿದುಕೊಂಡು ಕೂರುತ್ತದೆ. ಸುತ್ತಲಿನ ಗಾಳಿಯೇ 42 ಇರುವಾಗ ಅದು ಇಳಿಯಬೇಕಾದರೆ ಸಂಜೆಯೇ ಆಗಬೇಕು.

ನನಗೆ ಬೇಸರ ತರಿಸಿದ್ದು ಆ ಕೆಂಪು ಲೈಟು. "ಬ್ಯಾಟರಿ ಬಿಸಿಯಾಗಿದೆ, ನೆರಳಲ್ಲಿಡಿ, ಸುಮಾರು ಇಷ್ಟು ಹೊತ್ತಿಗೆ ಚಾರ್ಜ್ ಶುರುವಾಗುತ್ತದೆ" ಅಂತ ಕನ್ನಡದಲ್ಲಿ ಎರಡು ಸಾಲು ತೋರಿಸಲು ಆ ಸ್ಕ್ರೀನಿಗೆ ಏನು ಕಷ್ಟ? ಒಳಗಿನ ಸರ್ಕ್ಯೂಟಿಗೆ ಎಲ್ಲವೂ ಗೊತ್ತಿರುತ್ತದೆ. ಗಾಡಿ ಓಡಿಸುವವನಿಗೆ ಮಾತ್ರ ಹೇಳುವುದಿಲ್ಲ. ಇದನ್ನೂ ನಾನು ಎಂಜಿನಿಯರಿಂಗ್ ಕೆಲಸವೆಂದೇ ಎಣಿಸುತ್ತೇನೆ.

ಹಾಗಾದರೆ ಒಂದು ಫ್ಯಾನ್ ಹಾಕಿ, ಎರಡು ತೂತು ಕೊರೆದರೆ ಆಗಲ್ವಾ? ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ತೂತು ಕೊರೆದರೆ ಗಾಳಿಯ ಜೊತೆ ಧೂಳು ಬರುತ್ತದೆ, ಮಳೆನೀರು ಬರುತ್ತದೆ, ಕರಾವಳಿಯಾದರೆ ಉಪ್ಪಿನ ತೇವವೂ ಬರುತ್ತದೆ. ಆದ್ದರಿಂದ ಪ್ಯಾಕನ್ನು ಐಪಿ67 ಮಟ್ಟಕ್ಕೆ ಮುಚ್ಚುತ್ತಾರೆ. ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ತೊಂದರೆ ಕೊಡುವಷ್ಟು ನೀರು ಒಳಗೆ ಹೋಗಬಾರದು. ನೀರು ಬರಬಾರದು ಎಂದು ಮುಚ್ಚಿದರೆ ಬಿಸಿಯೂ ಹೋಗುವುದಿಲ್ಲ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಬಿಗಡಾಯಿಸುತ್ತದೆ.

ಈ ಮುಚ್ಚುವ ಕೆಲಸದಲ್ಲೂ ಬಿಸಿ ಒಂದು ತಂತ್ರ ಹೂಡುತ್ತದೆ. ಬೆಂಗಳೂರಿನ ಸಂಜೆ ಮಳೆ ನೆನಪಿಸಿಕೊಳ್ಳಿ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬಂದ ಗಾಡಿಯ ಪ್ಯಾಕ್ ಒಳಗೆ 50 ಡಿಗ್ರಿ ಇದೆ. ಅಂಡರ್‌ಪಾಸಿನಲ್ಲಿ ತುಂಬಿದ ನೀರು 25 ಡಿಗ್ರಿ. ಬಿಸಿ ಪೆಟ್ಟಿಗೆ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ನೂರಕ್ಕೆ 7, 8ರಷ್ಟು ಇಳಿಯುತ್ತದೆ. ಆಗ ಪೆಟ್ಟಿಗೆ ನೀರನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಸೀಲಿನಲ್ಲಿ ಕೂದಲೆಳೆಯಷ್ಟು ಸಂದು ಸಾಕು. ಐಪಿ67 ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಆ ಪರೀಕ್ಷೆಯಲ್ಲಿ ನೀರಿಗೂ ವಸ್ತುವಿಗೂ 5 ಡಿಗ್ರಿಗಿಂತ ಜಾಸ್ತಿ ಅಂತರ ಇರಕೂಡದು ಎಂದಿದೆ. ಪಾಸಾದ ಪ್ಯಾಕ್ ಕೂಡ ನಿಜವಾದ ಮಳೆಯಲ್ಲಿ ಸೋರಬಹುದು. ಅದಕ್ಕೆ ಒಳ್ಳೆಯ ತಂಡಗಳು ಪ್ಯಾಕನ್ನು ಬೇಕಂತಲೇ ಕಾಯಿಸಿ ತಣ್ಣೀರಿನಲ್ಲಿ ಮುಳುಗಿಸಿ ನೋಡುತ್ತವೆ. ಪೆಟ್ಟಿಗೆಯ ಮೈಗೆ ಗಾಳಿ ದಾಟಿಸಿ ನೀರು ತಡೆಯುವ ಸಣ್ಣ ಬಿಳಿ ಪೊರೆಯನ್ನು ಕೂರಿಸುತ್ತಾರೆ. ಪ್ಯಾಕ್ ಅದರ ಮೂಲಕ ಉಸಿರಾಡುತ್ತದೆ. ಇಡೀ ಗಾಡಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಇನ್ನು ಬೆಂಕಿ. 2022ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿತು. ಸಾವುಗಳೂ ಆದವು. ಆ ವಿಡಿಯೋಗಳನ್ನು ನಾವೆಲ್ಲ ಆಫೀಸಿನಲ್ಲಿ ಮಾತಿಲ್ಲದೆ ನೋಡಿದೆವು. ನಮ್ಮ ಗಾಡಿಯಲ್ಲ ಎಂಬ ಸಮಾಧಾನ ಯಾರ ಮುಖದಲ್ಲೂ ಇರಲಿಲ್ಲ. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿತು. ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮಗಳನ್ನು ಬಿಗಿಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿಗೆ ತಂದಿತು. ಒಂದು ಸೆಲ್ ಹೊತ್ತಿಕೊಂಡರೆ ಅದು ಪಕ್ಕದ ಸೆಲ್ಲಿಗೆ ದಾಟಿ ಪ್ಯಾಕ್ ಉರಿಯಬಾರದು ಎಂಬ ಪರೀಕ್ಷೆ ಅದರಲ್ಲಿ ಮುಖ್ಯವಾದದ್ದು.

ಸೆಲ್ ಒಳಗೆ ಧನ, ಋಣ ಎರಡು ಪಟ್ಟಿಗಳ ನಡುವೆ ಸೆಪರೇಟರ್ ಅನ್ನುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ದಪ್ಪ 10ರಿಂದ 20 ಮೈಕ್ರಾನ್. ಪಾಲಿಥೀನ್ ಹಾಳೆಯಾದರೆ ಸುಮಾರು 130 ಡಿಗ್ರಿಗೆ ಕರಗುತ್ತದೆ. ಅದು ಹೋದರೆ ಎರಡು ಪಟ್ಟಿಗಳೂ ತಾಗುತ್ತವೆ. ಅಲ್ಲಿಂದ ಮುಂದೆ ರಾಸಾಯನಿಕ ಕ್ರಿಯೆಯೇ ಬಿಸಿ ಹುಟ್ಟಿಸುತ್ತಾ ಹೋಗುತ್ತದೆ. ಚಾರ್ಜರ್ ಕಿತ್ತರೂ, ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ. ಅಲ್ಲಿಗೆ ಬರದ ಹಾಗೆ ನೋಡಿಕೊಳ್ಳುವುದೊಂದೇ ದಾರಿ. ಬಂದರೂ ಪಕ್ಕದ ಸೆಲ್ಲಿಗೆ ದಾಟದ ಹಾಗೆ ಅಭ್ರಕದ ಹಾಳೆ, ಏರೋಜೆಲ್, ಬೆಂಕಿ ತಡೆಯುವ ಫೋಮ್ ತುಂಬುತ್ತೇವೆ. ಇವೆಲ್ಲ ಬಿಸಿ ದಾಟದ ಹಾಗೆ ತಡೆಯುವ ವಸ್ತುಗಳು. ದಿನನಿತ್ಯದ ಓಟದಲ್ಲಿ ನಮಗೆ ಬೇಕಾದ್ದು ಬಿಸಿ ಬೇಗ ದಾಟಿ ಹೊರಗೆ ಹೋಗುವುದು. ನೋಡಿ, ಮತ್ತೆ ಅದೇ ಜಗ್ಗಾಟ.

ದೊಡ್ಡ ಕಂಪನಿಗಳೂ ಇದರಲ್ಲಿ ಸೋತಿವೆ. ಜನರಲ್ ಮೋಟರ್ಸ್ 2021ರಲ್ಲಿ ತಾನು ಮಾರಿದ್ದ ಷೆವರ್ಲೆ ಬೋಲ್ಟ್ ಎಲೆಕ್ಟ್ರಿಕ್ ಕಾರುಗಳನ್ನೆಲ್ಲ, ಸುಮಾರು 1.4 ಲಕ್ಷ, ವಾಪಸ್ ಕರೆಯಬೇಕಾಯಿತು. ಎಲ್‌ಜಿ ಮಾಡಿದ ಕೆಲವು ಸೆಲ್‌ಗಳಲ್ಲಿ ಎರಡು ದೋಷ ಒಟ್ಟಿಗೆ ಸಿಕ್ಕಿದ್ದವು. ಆನೋಡಿನ (ಋಣ ಪಟ್ಟಿಯ) ಟ್ಯಾಬ್ ಹರಿದಿತ್ತು, ಸೆಪರೇಟರ್ ಮಡಿಚಿಕೊಂಡಿತ್ತು. ಸೆಲ್ ಒಳಗೆ ಒಂದು ಹಾಳೆ ಮಡಿಚಿದ್ದು ಹೊರಗಿನಿಂದ ಕಾಣುವುದಿಲ್ಲ. ಮೊದಲ ದಿನದ ಪರೀಕ್ಷೆಯಲ್ಲಿ ಪಾಸಾಗಿ, ಎಷ್ಟೋ ತಿಂಗಳ ಮೇಲೆ ಗ್ಯಾರೇಜಿನಲ್ಲಿ ನಿಂತಿರುವಾಗ ಹೊತ್ತಿಕೊಳ್ಳಬಹುದು.

ಈ ಭಯ ಕಡಿಮೆ ಮಾಡಿದ್ದು ಎಲ್‌ಎಫ್‌ಪಿ ಎಂಬ ಸೆಲ್. ಕಬ್ಬಿಣ ಮತ್ತು ಫಾಸ್ಫೇಟಿನಿಂದ ಮಾಡಿದ್ದು. ಇದರಲ್ಲಿ ಆಕ್ಸಿಜನ್ ಫಾಸ್ಫರಸ್ಸನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಬಿಸಿಯಾದರೂ ಸುಲಭಕ್ಕೆ ಬಿಟ್ಟುಬರುವುದಿಲ್ಲ. ಬೆಂಕಿಗೆ ಒಳಗಿನಿಂದಲೇ ಆಕ್ಸಿಜನ್ ಸಿಗದಿದ್ದರೆ ಅದರ ಜೋರು ಇಳಿಯುತ್ತದೆ. 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಬಂದ ಪ್ರಬಂಧವೊಂದು ಈ ವಸ್ತುವನ್ನು ಬ್ಯಾಟರಿ ಲೋಕಕ್ಕೆ ಪರಿಚಯಿಸಿತು. ಬರೆದವರು ಮೂವರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು, ಅವರ ಹೆಸರು ಎಲ್ಲರಿಗೂ ಗೊತ್ತು. ಉಳಿದ ಎರಡು ಹೆಸರು ನಮ್ಮ ಹುಡುಗರಿಗೂ ಗೊತ್ತಿರಬೇಕು ಎಂದು ನನ್ನ ಆಸೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿ ಇದೇ ಜಾತಿಯ 30.2 ಯೂನಿಟ್ ಪ್ಯಾಕ್ ಹಾಕಿಕೊಂಡು, ಅದಕ್ಕೆ ದ್ರವದ ಕೂಲಿಂಗ್ ಕೂಡ ಸೇರಿಸಿಕೊಂಡು ಬಂತು. ನಮ್ಮ ಬಿಸಿಲಿಗೆ ಇದು ಸರಿಯಾದ ಆಯ್ಕೆ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಎಲ್‌ಎಫ್‌ಪಿಗೂ ತನ್ನದೇ ತರಲೆ ಇದೆ. ಬೇರೆ ಸೆಲ್‌ಗಳಲ್ಲಿ ಚಾರ್ಜ್ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ, ಅದನ್ನು ಅಳೆದು ಎಷ್ಟು ಉಳಿದಿದೆ ಎಂದು ಹೇಳಬಹುದು. ಇದರಲ್ಲಿ ಚಾರ್ಜ್ 80ರಿಂದ 30ಕ್ಕೆ ಇಳಿದರೂ ವೋಲ್ಟೇಜು ಕೆಲವು ಹತ್ತು ಮಿಲಿವೋಲ್ಟಿಗಿಂತ ಜಾಸ್ತಿ ಅಲ್ಲಾಡುವುದಿಲ್ಲ. ಹಾಗಾಗಿ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುತ್ತಾ ಕೂರಬೇಕು. ಎಣಿಕೆಯಲ್ಲಿ ದಿನಾ ಚೂರು ಚೂರು ತಪ್ಪು ಸೇರುತ್ತದೆ. ಆಗಾಗ ಪೂರ್ತಿ 100ಕ್ಕೆ ಚಾರ್ಜ್ ಮಾಡಿ ಎಂದು ಇಂಥ ಕಾರಿನ ಕಂಪನಿಯವರು ಹೇಳುವುದು ಇದಕ್ಕೇ. ಮೀಟರಿನ ಎಣಿಕೆ ಆಗ ಸರಿಹೋಗುತ್ತದೆ.

ಪೂರ್ತಿ ಚಾರ್ಜ್ ಅಂದಾಗ ಘಟ್ಟದ ವಿಷಯ ಹೇಳಲೇಬೇಕು. ಆಗುಂಬೆಯ ಹೋಂಸ್ಟೇ ಒಂದರಲ್ಲಿ ರಾತ್ರಿಯಿಡೀ ಕಾರು ಚಾರ್ಜಿಗೆ ಹಾಕಿ ಬೆಳಿಗ್ಗೆ ಉಡುಪಿ ಕಡೆ ಹೊರಟಿರಿ ಎಂದಿಟ್ಟುಕೊಳ್ಳೋಣ. ಮುಂದೆ 14 ಹೇರ್‌ಪಿನ್ ತಿರುವು. ಸೋಮೇಶ್ವರಕ್ಕೆ ಬರುವಷ್ಟರಲ್ಲಿ 500 ಮೀಟರಿಗೂ ಜಾಸ್ತಿ ಇಳಿದಿರುತ್ತೀರಿ. ಜನ, ಸಾಮಾನು ಸೇರಿ 1,600 ಕೆಜಿಯ ಕಾರು ಅಷ್ಟು ಇಳಿದರೆ ಸುಮಾರು 2.2 ಯೂನಿಟ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಮಾಮೂಲಿಯಾಗಿ ಮೋಟರ್ ಜನರೇಟರ್ ಆಗಿ ಅದರ ದೊಡ್ಡ ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಆದರೆ ಬ್ಯಾಟರಿ ತುಂಬಿದೆ, ಜಾಗವೇ ಇಲ್ಲ. ಆಗ ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ. ನಿನ್ನೆ ಕಾಲು ಎತ್ತಿದರೆ ತಾನೇ ನಿಧಾನವಾಗುತ್ತಿದ್ದ ಕಾರು ಇವತ್ತು ಮುಂದಕ್ಕೆ ನುಗ್ಗುತ್ತದೆ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಚಕ್ರ ಜಾರಿದರೆ ಮೋಟರಿನ ಎಳೆತ ಕ್ಷಣದಲ್ಲಿ ಬಿಟ್ಟು, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೆ ದಾರಿ ಕೊಡಬೇಕು. ಓಡಿಸುವವರ ಕಾಲಿಗೆ ಮಾತ್ರ ಬ್ರೇಕ್ ಪೆಡಲ್ ಯಾವಾಗಲೂ ಒಂದೇ ರೀತಿ ಇರಬೇಕು. ಮೋಟರ್ ಎಷ್ಟು ಹಿಡಿಯಲಿ, ಪ್ಯಾಡ್ ಎಷ್ಟು ಹಿಡಿಯಲಿ ಎಂದು ಗಳಿಗೆಗಳಿಗೆಗೂ ಹಂಚುವ ಈ ಕೆಲಸದಲ್ಲಿ ಎಂಜಿನಿಯರುಗಳು ವರ್ಷಗಟ್ಟಲೆ ಮುಳುಗಿರುತ್ತಾರೆ. ಚೆನ್ನಾಗಿ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನೀವು ಘಟ್ಟದ ಮೇಲೆ ಚಾರ್ಜ್ ಹಾಕುವಂತಿದ್ದರೆ 85, 90ಕ್ಕೆ ನಿಲ್ಲಿಸಿ ಹೊರಡಿ.

ಪೆಟ್ರೋಲ್ ಇಂಜಿನ್, ಎಲೆಕ್ಟ್ರಿಕ್ ಮೋಟರ್ ಎರಡೂ ಇರುವ ಹೈಬ್ರಿಡ್ ಕಾರು ಇದಕ್ಕೆಲ್ಲ ಪರಿಹಾರ ಅಂತ ಕೆಲವರು ಹೇಳುತ್ತಾರೆ. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ, ಆಮೇಲೆ ಇನೋವಾ ಹೈಕ್ರಾಸ್ ತಯಾರಾಗಿವೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಪ್ರಿಯಸ್‌ನ ತತ್ವವೇ ಈ ಕಾರುಗಳಲ್ಲೂ ಇದೆ. ಒಂದು ಗ್ರಹ ಗೇರಿನ ಸೆಟ್ಟು: ನಡುವಿನ ಸೂರ್ಯ ಗೇರಿಗೆ ಜನರೇಟರ್, ಸುತ್ತುವ ಗ್ರಹಗಳನ್ನು ಹಿಡಿದ ಭಾಗಕ್ಕೆ ಇಂಜಿನ್, ಹೊರಗಿನ ಬಳೆಗೆ ಚಕ್ರ ತಿರುಗಿಸುವ ಮೋಟರ್. ಕ್ಲಚ್ ಇಲ್ಲ, ಗೇರ್ ಬದಲಿಸುವುದಿಲ್ಲ. ಜನರೇಟರಿನ ವೇಗ ಏರಿಳಿಸಿದರೆ ಇಂಜಿನ್ ತನಗೆ ಬೇಕಾದ ವೇಗದಲ್ಲಿ ಇರಬಹುದು. ಆ ಗೇರುಗಳನ್ನು ಬಿಚ್ಚಿಟ್ಟಿದ್ದನ್ನು ಮೊದಲ ಸಲ ಕೈಯಲ್ಲಿ ತಿರುಗಿಸಿ ನೋಡಿದಾಗ ನನಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಆದರೆ ಬಿಸಿ ಇಲ್ಲೂ ಬಿಡುವುದಿಲ್ಲ. ಹೈರೈಡರಿನ ಬ್ಯಾಟರಿ ಬರೀ ಮುಕ್ಕಾಲು ಯೂನಿಟ್, ನೆಕ್ಸಾನ್ ಇವಿಯದ್ದರಲ್ಲಿ ನಲವತ್ತರಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಬ್ಯಾಟರಿಯನ್ನು ಪ್ರತಿ ಸಿಗ್ನಲ್ಲಿನಲ್ಲೂ ತುಂಬಿ, ಖಾಲಿ ಮಾಡಿ, ಮತ್ತೆ ತುಂಬಬೇಕು. ದೊಡ್ಡ ಬ್ಯಾಟರಿಯಲ್ಲಿ ಹಂಚಿಹೋಗುವ ಕರೆಂಟು ಇಲ್ಲಿ ಕೆಲವೇ ಸೆಲ್‌ಗಳ ಮೇಲೆ ಬೀಳುತ್ತದೆ. ಹೈಕ್ರಾಸ್‌ನಲ್ಲಿ ಇನ್ನೂ ಹಳೆಯ ಜಾತಿಯ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇಟ್ಟಿದ್ದಾರೆ. ತೂಕ ಜಾಸ್ತಿ, ಆದರೆ ಇಂಥ ದುಡಿತಕ್ಕೆ ಪಳಗಿದ್ದು. ಹಲವು ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದು ಕಾರಿನೊಳಗಿನ ಎಸಿ ಗಾಳಿಯೇ. ಹಿಂದಿನ ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ, ಅದರ ಹಿಂದೆ ಫಿಲ್ಟರ್, ಸಣ್ಣ ಫ್ಯಾನ್. ಜನ ಅದರ ಮೇಲೆ ಬ್ಯಾಗು ಒತ್ತಿ ಇಡುತ್ತಾರೆ. ಫಿಲ್ಟರಿನಲ್ಲಿ ಧೂಳು, ಕೂದಲು, ಮಕ್ಕಳು ತಿಂದ ಚಿಪ್ಸಿನ ಚೂರು ಕಟ್ಟಿಕೊಳ್ಳುತ್ತದೆ. ಲಕ್ಷಗಟ್ಟಲೆ ಬೆಲೆಯ ತಂತ್ರಜ್ಞಾನ ಒಂದು ಅಂಗೈಯಗಲದ ಫಿಲ್ಟರಿನಿಂದಾಗಿ ಉಸಿರುಗಟ್ಟುತ್ತದೆ. ನಿಮ್ಮ ಹತ್ತಿರ ಹೈಬ್ರಿಡ್ ಕಾರಿದ್ದರೆ ಮುಂದಿನ ಸರ್ವಿಸ್‌ನಲ್ಲಿ ಆ ಫಿಲ್ಟರ್ ತೆಗೆಸಿ ತೋರಿಸಿ ಎಂದು ಕೇಳಿ.

ಮೋಟರಿಗೂ ಬಿಸಿಯ ಭಯವಿದೆ. ಅದರೊಳಗಿನ ನಿಯೋಡಿಮಿಯಂ ಮ್ಯಾಗ್ನೆಟ್ಟುಗಳು ಕಾದರೆ ಬಲ ಕಳೆದುಕೊಳ್ಳುತ್ತವೆ, ಅತಿಯಾದರೆ ಮತ್ತೆ ಮರಳಿ ಬರುವುದಿಲ್ಲ. ಅದನ್ನು ತಡೆಯಲು ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ಅಪರೂಪದ ಲೋಹಗಳನ್ನು ಚೂರು ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಇವುಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ದೇಶದ ಗಾಡಿ ಕಂಪನಿಗಳು ಪರದಾಡಿದವು. ಬಿಸಿ ತಡೆಯುವ ಚಿಟಿಕೆ ಲೋಹಕ್ಕಾಗಿ ಇಡೀ ಕಾರ್ಖಾನೆ ಕಾಯುವ ಹಾಗಾಯಿತು. ಮ್ಯಾಗ್ನೆಟ್ಟೇ ಇಲ್ಲದ ರಿಲಕ್ಟೆನ್ಸ್ ಮೋಟರುಗಳ ಮೇಲೆ ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಅವು ಸ್ವಲ್ಪ ದಪ್ಪ, ಸ್ವಲ್ಪ ಸದ್ದು. ಆದರೂ ಈ ದಾರಿಯಲ್ಲಿ ಹೋಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನನ್ನ ನಿಜವಾದ ಆತಂಕಕ್ಕೆ ಬರುತ್ತೇನೆ. ಕಾರುಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಬ್ಯಾಟರಿ ವಾರಂಟಿ ಕೊಡುವುದು ಈಗ ರೂಢಿ. 8 ವರ್ಷ ಕಾದು ನೋಡಿ ಗಾಡಿ ಮಾರಲು ಆಗುವುದಿಲ್ಲವಲ್ಲ. ಹಾಗಾಗಿ ಸೆಲ್‌ಗಳನ್ನು ಬಿಸಿ ಚೇಂಬರಿನಲ್ಲಿಟ್ಟು ಬೇಗ ಮುದಿಯಾಗಿಸುತ್ತೇವೆ. 10 ಡಿಗ್ರಿ ಏರಿದರೆ ಮುದಿಯಾಗುವ ವೇಗ ಸುಮಾರು ಎರಡು ಪಟ್ಟು ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಒರಟು ಲೆಕ್ಕ. ಹಾಗಾದರೆ 70, 80ಕ್ಕೆ ಏರಿಸಿ ಎರಡೇ ತಿಂಗಳಲ್ಲಿ ಮುಗಿಸಬಹುದೇ? ಇಲ್ಲ. ಅಷ್ಟು ಬಿಸಿಯಲ್ಲಿ ಸೆಲ್ ಒಳಗೆ ನಡೆಯುವ ಕ್ರಿಯೆಗಳೇ ಬೇರೆ. ಅದು ಮುದಿಯಾಗುವ ಪರೀಕ್ಷೆ ಆಗುವುದಿಲ್ಲ, ಬೇಯಿಸುವ ಪರೀಕ್ಷೆ ಆಗುತ್ತದೆ. 45, 55ರಲ್ಲಿ ತಿಂಗಳುಗಟ್ಟಲೆ ಇಟ್ಟು, ಮುಂದಿನದನ್ನು ಲೆಕ್ಕ ಹಾಕಿ ಊಹಿಸಬೇಕು. ಆ ಊಹೆ ಸರಿಯೋ ತಪ್ಪೋ ಎಂದು ಹೇಳಬಲ್ಲದ್ದು ರಸ್ತೆಯ ಮೇಲಿನ ಹಳೆಯ ಗಾಡಿಗಳು ಮಾತ್ರ.

ಬೆಂಗಳೂರು ಈ ವಿಷಯದಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ. 2001ರಲ್ಲಿ ರೇವಾ ಇಲ್ಲಿಂದಲೇ ಬಂತು, ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಬ್ಯಾಟರಿ ಇಟ್ಟುಕೊಂಡು. ಅದು ಬಂದಾಗ ಲೀಫ್ ಇನ್ನೂ ಹುಟ್ಟಿರಲಿಲ್ಲ. ಆಮೇಲೆ ಏಥರ್, ಓಲಾ, ಅಲ್ಟ್ರಾವಯಲೆಟ್ ಎಲ್ಲವೂ ಇದೇ ಊರಿನವು. ಇಷ್ಟೊಂದು ಎಂಜಿನಿಯರುಗಳು ಒಂದೇ ಕಡೆ ಸೇರಿದ್ದು ದೊಡ್ಡ ಬಲ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಊರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದೇ ದೊಡ್ಡ ಸುದ್ದಿ. ದಿನಾ ಮನೆಯಿಂದ ಆಫೀಸಿಗೆ ನಾವು ಓಡಿಸುವ ಗಾಡಿ ಯಾವತ್ತೂ ನಿಜವಾದ ಬಿಸಿಲು ಕಂಡಿರುವುದಿಲ್ಲ. ಗಾಡಿಯ ಜಾಹೀರಾತಿನಲ್ಲಿ ಬರುವ ಕಿಲೋಮೀಟರ್ ನಂಬರ್ ಕೂಡ ಹದವಾದ ಉಷ್ಣಾಂಶದ ಪ್ರಯೋಗಾಲಯದ್ದು. ಅದರ ಪಕ್ಕದಲ್ಲೇ 42 ಡಿಗ್ರಿಯಲ್ಲಿ ಎಷ್ಟು ಓಡುತ್ತದೆ, ಆ ಬಿಸಿಲಿನಲ್ಲಿ ಐದು ವರ್ಷ ಕಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದೂ ಅಚ್ಚು ಹಾಕಬೇಕೆಂದು ನಾನು ನಮ್ಮ ಮೀಟಿಂಗುಗಳಲ್ಲಿ ಹೇಳುತ್ತಲೇ ಇದ್ದೇನೆ. ಮಾರಾಟದವರಿಗೆ ಇಷ್ಟವಾಗುವುದಿಲ್ಲ. ಆದರೂ ಹೇಳುವುದನ್ನು ಬಿಟ್ಟಿಲ್ಲ.

ಅದು ಅಚ್ಚಾಗುವವರೆಗೆ ನೀವೇ ಕೇಳಬೇಕು. ಶೋರೂಮಿಗೆ ಹೋದಾಗ ಬ್ಯಾಟರಿಗೆ ಕೂಲಿಂಗ್ ಏನಿದೆ ಎಂದು ಕೇಳಿ. ಎಷ್ಟು ಡಿಗ್ರಿ ದಾಟಿದರೆ ಚಾರ್ಜ್ ನಿಲ್ಲುತ್ತದೆ ಎಂದು ಕೇಳಿ. ಬ್ಯಾಟರಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದನ್ನು ಮಾತಿನಲ್ಲಿ ನಂಬಬೇಡಿ, ವಾರಂಟಿ ಕಾಗದದಲ್ಲಿ ಬೆರಳಿಟ್ಟು ತೋರಿಸಲಿ. ಗಾಡಿ ಮನೆಗೆ ಬಂದ ಮೇಲೆ ಬೇಸಿಗೆಯಲ್ಲಿ ಚಾರ್ಜನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ವಾರಗಟ್ಟಲೆ ಊರಿಗೆ ಹೋಗುವಾಗ 100 ತುಂಬಿಸಿ ಬಿಸಿಲಲ್ಲಿ ಬಿಟ್ಟು ಹೋಗಬೇಡಿ, ಅರ್ಧದ ಆಸುಪಾಸು ಇಟ್ಟು ನೆರಳಲ್ಲಿ ನಿಲ್ಲಿಸಿ. ತಗಡಿನ ಶೆಡ್ಡು ನೆರಳೆಂದು ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರದಲ್ಲಿ ಬೇವಿನ ಮರ ಇದ್ದರೆ ಅದರ ಕೆಳಗೆ ನಿಲ್ಲಿಸಿ.